ಮಿಂಚುಳ್ಳಿ ಕಂಡ ದಿನ ನಮ್ಮ ತಂಡ ಗೆಲ್ಲುತ್ತದೆಯೇ?

ಪ್ರಶ್ನೆ: ದಿನವೂ ಬೆಳಗ್ಗೆ ಕೆರೆಯ ಏರಿಯ ಮೇಲೆ ನಡೆಯಲು ಹೋಗುತ್ತೇನೆ. ಪಂದ್ಯವಿರುವ ದಿನ ಅಲ್ಲಿ ಮಿಂಚುಳ್ಳಿ ಕಣ್ಣಿಗೆ ಬಿದ್ದರೆ ನನ್ನ ತಂಡ ಗೆಲ್ಲುತ್ತದೆ. ಕಳೆದ ಋತುವಿನಲ್ಲಿ ಹಾಗೆ ಕಂಡದ್ದು ಒಂಬತ್ತು ಪಂದ್ಯಗಳ ದಿನ. ಅವುಗಳಲ್ಲಿ ಏಳನ್ನು ಗೆದ್ದೆವು. ಗೂಬೆ ಕೂಗಿದರೆ ಮಾತ್ರ ಸೋಲು ಖಚಿತ. ಸೆಮಿಫೈನಲ್‌ನ ಹಿಂದಿನ ರಾತ್ರಿ ಬಹಳ ಹೊತ್ತು ಕೂಗಿತು, ಮರುದಿನ ಸೋತೆವು. ಈಗೀಗ ಮಿಂಚುಳ್ಳಿ ಕಾಣುವವರೆಗೆ ಏರಿ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಗೆಳೆಯರು ಫೋನ್ ಮಾಡಿ "ಹಕ್ಕಿ ಕಂಡಿತೇ?" ಎಂದು ಕೇಳುತ್ತಾರೆ. ಅವರಲ್ಲೊಬ್ಬರು ಗೂಬೆಯನ್ನು ಓಡಿಸಿಬಿಡೋಣ ಎನ್ನುತ್ತಿದ್ದಾರೆ. ಪ್ರಾಣಿಗಳಿಗೆ ಏನಾದರೂ ಮೊದಲೇ ತಿಳಿಯುತ್ತದೆಯೇ? ನಾನು ಈ ಅಭ್ಯಾಸವನ್ನು ಬಿಟ್ಟುಬಿಡಬೇಕೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ: ಇಲ್ಲ. ಮಿಂಚುಳ್ಳಿಗೆ ನಿಮ್ಮ ತಂಡದ ಸುದ್ದಿ ಗೊತ್ತಿಲ್ಲ, ಗೂಬೆಗೂ ಗೊತ್ತಿಲ್ಲ. ಹಾಗೆಂದು ನೀವು ಸುಳ್ಳು ಹೇಳುತ್ತಿದ್ದೀರಿ ಎಂದೇನೂ ಅಲ್ಲ. ಹಕ್ಕಿ ಕಂಡದ್ದು ನಿಜ, ಏಳು ಪಂದ್ಯ ಗೆದ್ದದ್ದೂ ನಿಜ. ಎರಡರ ನಡುವೆ ಗಂಟು ಬಿದ್ದದ್ದು ಹೇಗೆ ಎಂಬುದಷ್ಟೇ ನೋಡಬೇಕಾದ ವಿಷಯ. ಶಕುನದ ಮಾತು ಬಂದಾಗ ಸಾಮಾನ್ಯವಾಗಿ ಮನುಷ್ಯನ ಮನಸ್ಸಿನಿಂದ ವಿವರಣೆ ಆರಂಭವಾಗುತ್ತದೆ. ಪ್ರಾಣಿ ವರ್ತನೆಯನ್ನು ಅಧ್ಯಯನ ಮಾಡುವವನಾದ ನಾನು ಹಕ್ಕಿಯಿಂದಲೇ ಆರಂಭಿಸುತ್ತೇನೆ. ಅದು ಆ ಹೊತ್ತಿಗೆ ಅಲ್ಲಿಗೆ ಬಂದದ್ದು ತನ್ನದೇ ಕೆಲಸಕ್ಕೆ, ಆ ಕೆಲಸ ಏನೆಂದು ತಿಳಿದರೆ ನಿಮ್ಮ ಒಗಟಿನ ಅರ್ಧ ಭಾಗ ಬಿಡಿಸಿದಂತೆ.

ಮೀನು ಹಿಡಿಯುವ ಮಿಂಚುಳ್ಳಿ ತನ್ನ ಪಾಲಿನ ನೀರಿನಂಚನ್ನು ಬೇರೆ ಮಿಂಚುಳ್ಳಿಗೆ ಬಿಟ್ಟುಕೊಡುವುದಿಲ್ಲ. ಆ ಸರಹದ್ದಿನೊಳಗೆ ಅದಕ್ಕೆ ಮೆಚ್ಚಿನ ಕೆಲವು ಕೊಂಬೆಗಳು, ಗೂಟಗಳು, ಕಲ್ಲುಗಳು ಇರುತ್ತವೆ. ಅಲ್ಲಿ ಕುಳಿತು, ತಲೆ ತಗ್ಗಿಸಿ, ನೀರಿನೊಳಗಿನ ಚಲನೆಯನ್ನು ನೋಡುತ್ತಾ ಕಾಯುತ್ತದೆ. ಬೇಟೆ ಪೂರ್ತಿ ಕಣ್ಣಿನದು, ಆದ್ದರಿಂದ ನೀರು ತಿಳಿಯಾಗಿರಬೇಕು. ಜೋರು ಮಳೆ ಬಂದು ನೀರು ಕದಡಿದರೆ ಮೀನು ಕಾಣುವುದಿಲ್ಲ, ಹಕ್ಕಿ ಬೇರೆ ಮೂಲೆ ಹುಡುಕುತ್ತದೆ. ನೀವು ದಿನವೂ ಅದೇ ಏರಿಯ ಮೇಲೆ, ಅದೇ ಹೊತ್ತಿನಲ್ಲಿ ನಡೆಯುತ್ತೀರಿ. ಬಹುಶಃ ಅದೇ ಹಕ್ಕಿಯನ್ನೇ ಮತ್ತೆ ಮತ್ತೆ ನೋಡುತ್ತಿದ್ದೀರಿ. ಅದು ಕಾಣುವುದೂ ಕಾಣದಿರುವುದೂ ನೀರಿನ ತಿಳಿ, ನೀವು ಬಂದ ಹೊತ್ತು, ನಿಂತು ನೋಡಿದ ಅವಧಿ ಇವುಗಳನ್ನು ಅವಲಂಬಿಸಿದೆ.

ಇಲ್ಲಿ ನಿಮ್ಮ ಪತ್ರದ ಒಂದು ಮಾತು ಬಹಳ ಮುಖ್ಯ. ಹಕ್ಕಿ ಕಾಣುವವರೆಗೆ ಏರಿ ಬಿಟ್ಟು ಬರುವುದಿಲ್ಲ ಎಂದಿದ್ದೀರಿ. ಸಾಮಾನ್ಯ ದಿನ ಹಕ್ಕಿ ಕಾಣದಿದ್ದರೆ ಮನೆಗೆ ಮರಳುತ್ತೀರಿ. ಪಂದ್ಯದ ದಿನ ಅದು ಕಾಣುವವರೆಗೆ ನಿಲ್ಲುತ್ತೀರಿ. ಹೀಗೆ ಕಾದರೆ ಹೆಚ್ಚುಕಡಿಮೆ ಪ್ರತಿ ಪಂದ್ಯದ ದಿನವೂ ಮಿಂಚುಳ್ಳಿ ಕಂಡ ದಿನವೇ ಆಗುತ್ತದೆ. ಆಗ ನಿಮ್ಮ ಶಕುನ ನಿಜವಾಗುವ ಪ್ರಮಾಣವೂ ನಿಮ್ಮ ತಂಡ ಗೆಲ್ಲುವ ಪ್ರಮಾಣವೂ ಒಂದೇ ಆಗಿಬಿಡುತ್ತವೆ. ತಂಡ ಬಲವಾಗಿದ್ದರೆ ಹಕ್ಕಿಗೆ ಕೀರ್ತಿ ಬರುತ್ತದೆ, ಅಷ್ಟೇ.

ಒಂಬತ್ತರಲ್ಲಿ ಏಳು ಎಂದು ಬರೆದಿದ್ದೀರಿ. ಹಕ್ಕಿ ಕಾಣದ ದಿನಗಳಲ್ಲಿ ಎಷ್ಟು ಪಂದ್ಯಗಳಿದ್ದವು, ಅವುಗಳಲ್ಲಿ ಎಷ್ಟು ಗೆದ್ದಿರಿ ಎಂಬುದನ್ನು ಬರೆದಿಲ್ಲ. ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ. ಉದಾಹರಣೆಗೆ ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ನಿಮ್ಮ ತಂಡ ನೂರರಲ್ಲಿ 60 ಪಂದ್ಯ ಗೆಲ್ಲುತ್ತದೆ, ನಿಮಗೆ ನೂರರಲ್ಲಿ 70 ದಿನ ಮಿಂಚುಳ್ಳಿ ಕಾಣುತ್ತದೆ, ಎರಡಕ್ಕೂ ಏನೇನೂ ಸಂಬಂಧವಿಲ್ಲ ಎಂದುಕೊಳ್ಳಿ. ಆಗಲೂ ಹಕ್ಕಿ ಕಂಡು ತಂಡ ಗೆದ್ದ ದಿನಗಳು 42 ಆಗುತ್ತವೆ. ಕಂಡೂ ಸೋತ ದಿನಗಳು 28, ಕಾಣದೆಯೂ ಗೆದ್ದವು 18, ಕಾಣದೆ ಸೋತವು 12. ಹಕ್ಕಿ ಕಂಡಾಗಿನ ಗೆಲುವು 70ರಲ್ಲಿ 42, ಕಾಣದಾಗಿನ ಗೆಲುವು 30ರಲ್ಲಿ 18. ಎರಡೂ ನೂರಕ್ಕೆ 60. ಆದರೆ ನೆನಪಿನಲ್ಲಿ ಉಳಿಯುವುದು ಆ 42 ದಿನಗಳು. ಅವು ಸಂಖ್ಯೆಯಲ್ಲೂ ಹೆಚ್ಚು, ಸಂತೋಷದಲ್ಲೂ ಹೆಚ್ಚು. ಉಳಿದ 28 ದಿನಗಳಿಗೆ "ಹಕ್ಕಿ ಸರಿಯಾಗಿ ಕಾಣಲಿಲ್ಲ", "ಎಡಕ್ಕೆ ಹಾರಿತು" ಎಂಬ ಸಬೂಬು ಸಿಗುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಸಾಧ್ಯತೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಎರಡು ಸಂಗತಿಗಳಿಗೆ ಹಿಂದಿನಿಂದ ಒಂದೇ ಕಾರಣ ಇರಬಹುದು. ಒಣ ಹವೆಯಲ್ಲಿ ನೀರು ತಿಳಿಯಾಗಿರುತ್ತದೆ, ಮಿಂಚುಳ್ಳಿ ಸುಲಭವಾಗಿ ಕಾಣುತ್ತದೆ. ಅದೇ ಹವೆಯಲ್ಲಿ ಒಣ ಮೈದಾನದ ಮೇಲೆ ಚೆನ್ನಾಗಿ ಆಡುವ ತಂಡ ನಿಮ್ಮದಾಗಿದ್ದು, ಪಂದ್ಯವೂ ಹತ್ತಿರದಲ್ಲೇ ನಡೆಯುವುದಾದರೆ, ಹಕ್ಕಿಗೂ ಗೆಲುವಿಗೂ ಸಣ್ಣದೊಂದು ನಂಟು ನಿಜವಾಗಿಯೂ ಕಾಣಿಸಿಕೊಳ್ಳಬಹುದು. ಅದು ಹವಾಮಾನದ ಕೆಲಸ. ದೂರದಲ್ಲಿ, ಬೇರೆ ಹವೆಯಲ್ಲಿ ನಡೆದ ಪಂದ್ಯಗಳನ್ನು ಬೇರೆಯಾಗಿ ಎಣಿಸಿದರೆ ಆ ನಂಟು ಮಾಯವಾಗಬೇಕು. ಇದನ್ನು ನೀವೇ ಪರೀಕ್ಷಿಸಬಹುದು.

ಇನ್ನು ಗೂಬೆ. ಅದು ಕೂಗುವುದು ತನ್ನ ಜಾಗವನ್ನು ಸಾರಲು, ಜೋಡಿಯೊಂದಿಗೆ ಮಾತನಾಡಲು. ಸಂತಾನದ ಕಾಲ ಹತ್ತಿರವಾದಂತೆ ಕೂಗು ಹೆಚ್ಚುತ್ತದೆ. ಗಾಳಿಯಿಲ್ಲದ ರಾತ್ರಿ ದನಿ ಬಹಳ ದೂರ ಕೇಳಿಸುತ್ತದೆ. ಆದರೆ ಅದು ಕೇಳಬೇಕಾದರೆ ನೀವು ಎಚ್ಚರವಾಗಿರಬೇಕು. ಸೆಮಿಫೈನಲ್‌ನ ಹಿಂದಿನ ರಾತ್ರಿ ನಿಮಗೆ ನಿದ್ದೆ ಬಂದಿತ್ತೇ? ಅಭಿಮಾನಿಗೆ ಅಂಥ ರಾತ್ರಿ ನಿದ್ದೆ ಬರುವುದು ಕಷ್ಟ. ಎಷ್ಟೋ ರಾತ್ರಿ ಕೂಗಿದ ಗೂಬೆಯನ್ನು ನೀವು ಅಂದು ಪೂರ್ತಿ ಕೇಳಿಸಿಕೊಂಡಿರಬಹುದು. ಜೊತೆಗೆ, ನಿದ್ದೆಗೆಡಿಸುವಷ್ಟು ದೊಡ್ಡ ಪಂದ್ಯಗಳಲ್ಲಿ ಎದುರಾಳಿಯೂ ಬಲಶಾಲಿಯೇ ಆಗಿರುತ್ತಾನೆ, ಸೋಲುವ ಸಂಭವ ಹೆಚ್ಚು. ಗೂಬೆಯ ಕೂಗೂ ಸೋಲೂ ಒಟ್ಟಿಗೆ ಬಂದದ್ದು ನಿಮ್ಮ ನಿದ್ರಾಹೀನತೆಯ ದಾರಿಯಿಂದ.

ಗೂಬೆಯ ಮೇಲಿನ ಈ ಅಪವಾದವೂ ಎಲ್ಲ ಕಡೆ ಒಂದೇ ರೀತಿ ಇಲ್ಲ. ಪ್ರಾಚೀನ ರೋಮನ್ನರು ಅದನ್ನು ಸಾವಿನ ಹಕ್ಕಿ ಎಂದು ಹೆದರುತ್ತಿದ್ದರು. ಸಮುದ್ರದ ಆಚೆಯ ಅಥೆನ್ಸ್‌ನಲ್ಲಿ ಅದೇ ಹಕ್ಕಿ ಅಥೀನಾ ದೇವಿಯದು. ನಾಣ್ಯದ ಮೇಲೆ ಅದರ ಚಿತ್ರ, ಯುದ್ಧಕ್ಕೆ ಮುನ್ನ ಕಂಡರೆ ಜಯದ ಸೂಚನೆ. ಆಧುನಿಕ ಕ್ರೀಡೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗವೂ ಗೂಬೆಯದೇ. 2007ರ ಜೂನ್ 6ರಂದು ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ ಫಿನ್ಲೆಂಡ್ ಮತ್ತು ಬೆಲ್ಜಿಯಂ ನಡುವೆ ಯೂರೋ ಕಪ್ ಫುಟ್‌ಬಾಲ್‌ನ ಅರ್ಹತಾ ಪಂದ್ಯ ನಡೆಯುತ್ತಿತ್ತು. ಭಾರಿ ಗಾತ್ರದ ಕೊಂಬಿನ ಗೂಬೆಯೊಂದು ಪ್ರೇಕ್ಷಕರ ತಲೆಯ ಮೇಲಿಂದ ಹಾರಿ ಬಂದು ಮೈದಾನಕ್ಕಿಳಿಯಿತು. ಅಲ್ಲಿಂದ ಎದ್ದು ಗೋಲ್‌ಪೋಸ್ಟ್‌ನ ಅಡ್ಡಪಟ್ಟಿಯ ಮೇಲೆ ಕುಳಿತು ಸುತ್ತಲೂ ನೋಡಿತು. ರೆಫರಿ ಆಟ ನಿಲ್ಲಿಸಬೇಕಾಯಿತು. ಜನ ಗೂಬೆಯ ಹೆಸರನ್ನೇ ಘೋಷಣೆ ಮಾಡಿ ಕೂಗಿದರು. ಫಿನ್ಲೆಂಡ್ 2-0ಯಿಂದ ಗೆದ್ದಿತು. ಬೂಬಿ ಎಂದು ಕರೆಯಲಾಗುತ್ತಿದ್ದ ಆ ಹಕ್ಕಿಗೆ ಹೆಲ್ಸಿಂಕಿಯ ವರ್ಷದ ನಾಗರಿಕ ಎಂಬ ಗೌರವ ದೊರೆಯಿತು, ರಾಷ್ಟ್ರೀಯ ತಂಡಕ್ಕೆ ಗೂಬೆಗಳು ಎಂಬ ಅಡ್ಡಹೆಸರೇ ನಿಂತುಬಿಟ್ಟಿತು. ಆದರೆ ಗೂಬೆ ಹರಸಿದ ಆ ಟೂರ್ನಿಗೆ, ಅಂದರೆ 2008ರ ಯೂರೋ ಕಪ್‌ಗೆ, ಫಿನ್ಲೆಂಡ್ ಅರ್ಹತೆ ಪಡೆಯಲಿಲ್ಲ. ಮೊದಲ ಬಾರಿಗೆ ಯೂರೋ ಕಪ್ ಅಂಗಳಕ್ಕೆ ಕಾಲಿಟ್ಟದ್ದು 2021ರಲ್ಲಿ. ಶಕುನ ಎಂದು ಲೆಕ್ಕ ಹಾಕಿದರೆ ಇದು ಸೋತ ಶಕುನ. ಆದರೂ ಆ ಜನ ಗೂಬೆಯನ್ನು ಬಿಟ್ಟುಕೊಡಲಿಲ್ಲ, ನನಗೆ ಅದು ತುಂಬ ಇಷ್ಟ.

ಕ್ರೀಡಾಂಗಣಕ್ಕೆ ಪ್ರಾಣಿಗಳು ಬರುವುದಕ್ಕೆ ಪ್ರತಿ ಸಲವೂ ಸ್ಪಷ್ಟವಾದ ಕಾರಣವಿರುತ್ತದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ನಿರ್ಣಾಯಕ ಪಂದ್ಯಗಳು ಅಕ್ಟೋಬರ್‌ನಲ್ಲಿ ನಡೆಯುತ್ತವೆ. ಅಳಿಲುಗಳು ಚಳಿಗಾಲಕ್ಕಾಗಿ ಕಾಯಿ ಬೀಜಗಳನ್ನು ಹೂತಿಡಲು ಎಡೆಬಿಡದೆ ಓಡಾಡುವ ಕಾಲವೂ ಅದೇ. 2011ರ ಅಕ್ಟೋಬರ್ 5ರಂದು ಸೇಂಟ್ ಲೂಯಿಸ್‌ನಲ್ಲಿ ಆ ಊರಿನ ಕಾರ್ಡಿನಲ್ಸ್ ಮತ್ತು ಫಿಲಡೆಲ್ಫಿಯಾದ ಫಿಲಿಸ್ ತಂಡಗಳು ಆಡುತ್ತಿದ್ದಾಗ, ಬೌಲರ್ ಚೆಂಡು ಎಸೆಯುವ ಹೊತ್ತಿಗೆ ಸರಿಯಾಗಿ ಅಳಿಲೊಂದು ಬ್ಯಾಟರ್‌ನ ಕಾಲಬಳಿಯೇ ಓಡಿಹೋಯಿತು. ಕಾರ್ಡಿನಲ್ಸ್ ಅಂದು ಗೆದ್ದು, ಮುಂದೆ ಆ ವರ್ಷದ ವಿಶ್ವ ಸರಣಿಯನ್ನೇ ಗೆದ್ದರು. ಅವರ ವಿಜಯದ ಉಂಗುರದ ಮೇಲೆ ಪುಟ್ಟ ಅಳಿಲನ್ನು ಕೆತ್ತಿಸಲಾಯಿತು. ಹಿಂದಿನ ದಿನದ ಪಂದ್ಯದಲ್ಲೂ ಅಳಿಲು ಮೈದಾನಕ್ಕೆ ಬಂದಿತ್ತು, ಅಂದು ಕಾರ್ಡಿನಲ್ಸ್ 3-2ರಿಂದ ಸೋತಿದ್ದರು. ಉಂಗುರಕ್ಕೆ ಏರಿದ್ದು ಎರಡನೆಯ ದಿನದ ಅಳಿಲು.

2016ರ ಯೂರೋ ಕಪ್ ಫೈನಲ್‌ನ ಪತಂಗಗಳನ್ನು ನೀವು ಟಿವಿಯಲ್ಲಿ ನೋಡಿರಬಹುದು. ಗಾಯಗೊಂಡು ನೆಲದ ಮೇಲೆ ಕುಳಿತು ಕಣ್ಣೀರು ಹಾಕುತ್ತಿದ್ದ ಕ್ರಿಸ್ಟಿಯಾನೊ ರೊನಾಲ್ಡೊ ಮುಖದ ಮೇಲೆ ಒಂದು ಪತಂಗ ಬಂದು ಕುಳಿತಿತು. ಪೋರ್ಚುಗಲ್ ಹೆಚ್ಚುವರಿ ಸಮಯದಲ್ಲಿ 1-0ಯಿಂದ ಗೆದ್ದ ಮೇಲೆ ಆ ಚಿತ್ರಕ್ಕೆ ಬೇರೆಯದೇ ತೂಕ ಬಂತು. ಪತಂಗಗಳು ಬಂದ ಕಾರಣ ಮಾತ್ರ ಸರಳ. ಪ್ಯಾರಿಸ್ ಬಳಿಯ ಆ ಕ್ರೀಡಾಂಗಣದ ದೀಪಗಳನ್ನು ಹಿಂದಿನ ರಾತ್ರಿ ಆರಿಸದೆ ಬಿಟ್ಟಿದ್ದರು, ವಲಸೆ ಹೊರಟಿದ್ದ ಪತಂಗಗಳು ಬೆಳಕಿಗೆ ಮುತ್ತಿ ಅಲ್ಲೇ ಉಳಿದುಕೊಂಡಿದ್ದವು. ಅವು ಎದುರಾಳಿ ಫ್ರಾನ್ಸ್ ಆಟಗಾರರ ಮೇಲೂ ಕುಳಿತಿದ್ದವು.

ತಂಡದ ಹೆಸರೇ ಹಕ್ಕಿಯದಾದರೆ ಶಕುನ ನೋಡುವುದು ಇನ್ನೂ ಸುಲಭ. ಫಿಲಡೆಲ್ಫಿಯಾದ ಅಮೆರಿಕನ್ ಫುಟ್‌ಬಾಲ್ ತಂಡ ಈಗಲ್ಸ್‌ನ (ಅಂದರೆ ಹದ್ದುಗಳು) ಅಭಿಮಾನಿಗೆ ಪಂದ್ಯದ ದಿನ ಬಿಳಿ ತಲೆಯ ಹದ್ದು ಕಂಡರೆ ಮೈ ಜುಮ್ಮೆನ್ನುವುದು ಸಹಜ. ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ಅಮೆರಿಕದಲ್ಲಿ 1963ರಲ್ಲಿ ಈ ಹದ್ದಿನ 417 ಗೂಡು ಕಟ್ಟುವ ಜೋಡಿಗಳಷ್ಟೇ ಉಳಿದಿದ್ದವು. ಡಿಡಿಟಿ ಕೀಟನಾಶಕದ ನಿಷೇಧ ಮತ್ತು ದಶಕಗಳ ಸಂರಕ್ಷಣೆಯ ನಂತರ, 2021ರಲ್ಲಿ ಪ್ರಕಟವಾದ ಸರ್ಕಾರಿ ಅಂದಾಜಿನಲ್ಲಿ ಆ ಸಂಖ್ಯೆ 71,400 ದಾಟಿತ್ತು. ಚಳಿಗಾಲದಲ್ಲಿ ಇವು ಹೆಪ್ಪುಗಟ್ಟದ ನದಿಗಳ ದಡದಲ್ಲಿ ಗುಂಪುಗೂಡುತ್ತವೆ, ಅಮೆರಿಕನ್ ಫುಟ್‌ಬಾಲ್ ಋತು ಬಿಸಿಯೇರುವುದೂ ಆಗಲೇ. ಇಂದಿನ ಅಭಿಮಾನಿ ತನ್ನ ಅಜ್ಜನಿಗಿಂತ ಎಷ್ಟೋ ಹೆಚ್ಚು ಸಲ ಹದ್ದು ನೋಡುತ್ತಾನೆ, ತಂಡ ಹೇಗೇ ಆಡಲಿ. ಬಾಲ್ಟಿಮೋರ್‌ನ ಬೇಸ್‌ಬಾಲ್ ತಂಡ ಓರಿಯೋಲ್ಸ್‌ನ ಅಭಿಮಾನಿಗಳ ಪಾಡು ಇದಕ್ಕೆ ವಿರುದ್ಧ. ಆ ಹೆಸರಿನ ಹಕ್ಕಿ ಬೇಸಿಗೆ ಮುಗಿಯುತ್ತಿದ್ದಂತೆ ದಕ್ಷಿಣಕ್ಕೆ ವಲಸೆ ಹೋಗುತ್ತದೆ, ಅಕ್ಟೋಬರ್‌ನ ದೊಡ್ಡ ಪಂದ್ಯಗಳ ವೇಳೆಗೆ ಊರಿನಲ್ಲಿ ಇರುವುದೇ ಅಪರೂಪ.

ಪ್ರಾಣಿ ಆಟದ ಮೇಲೆ ಪರಿಣಾಮ ಬೀರಲಾರದೆಂದು ನಾನು ಹೇಳುತ್ತಿಲ್ಲ. 2007ರ ಅಕ್ಟೋಬರ್ 5ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನ್ಯೂಯಾರ್ಕ್‌ನ ಯಾಂಕೀಸ್ ವಿರುದ್ಧದ ಬೇಸ್‌ಬಾಲ್ ಪಂದ್ಯದ ವೇಳೆ ಈರಿ ಸರೋವರದಿಂದ ಎದ್ದ ಸಣ್ಣ ಕೀಟಗಳ ದಂಡು ಯಾಂಕೀಸ್ ಬೌಲರ್ ಜೋಬಾ ಚೇಂಬರ್ಲೇನ್‌ನ ಕತ್ತು, ಮುಖಗಳನ್ನು ಮುತ್ತಿತು. ಚೆಂಡು ಹತೋಟಿ ತಪ್ಪಿ, ಎದುರಾಳಿಗೆ ಸಮಬಲದ ರನ್ ದಕ್ಕಿತು. ಕ್ಲೀವ್‌ಲ್ಯಾಂಡ್ 11ನೆಯ ಇನ್ನಿಂಗ್ಸ್‌ನಲ್ಲಿ 2-1ರಿಂದ ಗೆದ್ದಿತು. ಕೀಟ ಬೌಲರ್‌ನ ಕಣ್ಣಿಗೆ ಅಡ್ಡ ಬಂದರೆ ಅದು ಕಾರಣ. ಮೈಲುಗಟ್ಟಲೆ ದೂರದ ಏರಿಯ ಮೇಲೆ ನಿಮ್ಮ ಕಣ್ಣಿಗೆ ಬಿದ್ದ ಮಿಂಚುಳ್ಳಿಗೆ ಮೈದಾನ ತಲುಪುವ ದಾರಿಯೇ ಇಲ್ಲ.

ಒಂದೇ ಪ್ರಾಣಿಯನ್ನು ಎರಡೂ ತಂಡದವರು ನೋಡಿದಾಗ ಅದು ಯಾರ ಶಕುನ? 2022ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಬೇಸ್‌ಬಾಲ್ ತಂಡ ಡಾಡ್ಜರ್ಸ್‌ನ ಕ್ರೀಡಾಂಗಣಕ್ಕೆ ಹೆಬ್ಬಾತೊಂದು ಇಳಿಯಿತು. ಮೈದಾನ ಡಾಡ್ಜರ್ಸ್‌ನದು, ತುಂಬಿದ್ದ ಜನರಲ್ಲಿ ಬಹುಪಾಲು ಅವರ ಅಭಿಮಾನಿಗಳು. ಆದರೆ ಪಂದ್ಯವನ್ನೂ ಸರಣಿಯನ್ನೂ ಗೆದ್ದದ್ದು ಸ್ಯಾನ್ ಡಿಯಾಗೊದ ಪಾಡ್ರೇಸ್. ಹೆಬ್ಬಾತು ಅವರದಾಯಿತು. ಶಕುನದ ಒಡೆತನ ನಿರ್ಧಾರವಾಗುವುದು ಫಲಿತಾಂಶ ಬಂದ ಮೇಲೆ.

ಹಾಗಾದರೆ ಬುದ್ಧಿವಂತರಾದ ನೀವು, ನಿಮ್ಮ ಗೆಳೆಯರು ಇದಕ್ಕೆ ಏಕೆ ಸಿಲುಕುತ್ತೀರಿ? ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಹಸಿದ ಪಾರಿವಾಳಗಳಿಗೆ ಅವು ಏನು ಮಾಡಿದರೂ ಮಾಡದಿದ್ದರೂ ನಿಗದಿತ ಅಂತರದಲ್ಲಿ ಕಾಳು ಬೀಳುವಂತೆ ಏರ್ಪಾಡು ಮಾಡಿದರು. ಎಂಟರಲ್ಲಿ ಆರು ಹಕ್ಕಿಗಳು ತಮ್ಮದೇ ಒಂದೊಂದು ಆಚರಣೆ ಬೆಳೆಸಿಕೊಂಡವು. ಒಂದು ಗೂಡಿನಲ್ಲಿ ಸುತ್ತು ಹಾಕತೊಡಗಿತು, ಇನ್ನೊಂದು ಮೂಲೆಗೆ ತಲೆ ಚಾಚತೊಡಗಿತು. ಕಾಳು ಬಂದ ಗಳಿಗೆಯಲ್ಲಿ ಮಾಡುತ್ತಿದ್ದ ಕೆಲಸವೇ ಕಾಳು ತಂದಿತೆಂಬಂತೆ ಅವು ನಡೆದುಕೊಂಡವು ಎಂದು ಸ್ಕಿನ್ನರ್ ವಿವರಿಸಿದರು. ಅವುಗಳಲ್ಲಿ ಹಲವು ಚಲನೆಗಳು ಆಹಾರಕ್ಕಾಗಿ ಕಾಯುವ ಪಾರಿವಾಳದ ಹುಟ್ಟುಗುಣವೇ ಎಂದು ನಂತರದ ಸಂಶೋಧಕರು ತೋರಿಸಿದರು. ಆ ತಿದ್ದುಪಡಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಏಕೆಂದರೆ ಕಾಯುವುದು ಜೀವಿಯನ್ನು ಸುಮ್ಮನೆ ಕೂರಲು ಬಿಡುವುದಿಲ್ಲ ಎಂಬುದು ಅದರಿಂದ ತಿಳಿಯುತ್ತದೆ.

ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಗಮನಿಸಿದ್ದೂ ಇದಕ್ಕೆ ಹತ್ತಿರದ ಸಂಗತಿ. ಅಪಾಯವಿಲ್ಲದ, ಮೀನು ಖಚಿತವಾಗಿ ಸಿಗುವ ಒಳಗಿನ ಹಿನ್ನೀರಿನಲ್ಲಿ ಬೆಸ್ತರು ಮಂತ್ರತಂತ್ರಕ್ಕೆ ಹೋಗುತ್ತಿರಲಿಲ್ಲ. ತೆರೆದ ಕಡಲಿಗೆ ಇಳಿಯುವ ಮುನ್ನ ವಿಧಿವಿಧಾನಗಳು ಸಾಕಷ್ಟಿದ್ದವು. ಆಟಗಾರನಿಗೆ ಕೈಯಲ್ಲಿ ಬ್ಯಾಟ್ ಆದರೂ ಇದೆ. ಅಭಿಮಾನಿಯ ಕೈಯಲ್ಲಿ ಏನೂ ಇಲ್ಲ, ಆದರೆ ದೇಹ ತಾನೇ ಆಡುತ್ತಿರುವಂತೆ ತೊಳಲುತ್ತದೆ. 2006ರ ಫುಟ್‌ಬಾಲ್ ವಿಶ್ವಕಪ್ ವೇಳೆ ಮ್ಯೂನಿಕ್ ಪ್ರದೇಶದಲ್ಲಿ ನಡೆದ ಅಧ್ಯಯನದಲ್ಲಿ, ಜರ್ಮನಿ ಆಡಿದ ದಿನಗಳಂದು ಹೃದಯದ ತುರ್ತು ಪ್ರಕರಣಗಳು ಸಾಮಾನ್ಯ ದಿನಗಳ 2.66 ಪಟ್ಟು ಇದ್ದವು. ಅಷ್ಟು ಒತ್ತಡದಲ್ಲಿರುವ ಮನಸ್ಸು ಬೆಳಗ್ಗೆ ಒಂದು ಹಕ್ಕಿಯನ್ನು ಕಂಡು ಸಮಾಧಾನ ಪಟ್ಟುಕೊಂಡರೆ ಅದನ್ನು ಮೂರ್ಖತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದ್ದರಿಂದ ಏರಿಯ ನಡಿಗೆಯನ್ನಂತೂ ಬಿಡಬೇಡಿ. ಮಿಂಚುಳ್ಳಿ ಕಂಡು ಸಂತೋಷಪಡಿ, ಗೆಳೆಯರಿಗೂ ಹೇಳಿ. ಕೆಲಸಕ್ಕೆ ತಡವಾಗುವಷ್ಟು ಕಾಯುವುದು, ಹಕ್ಕಿ ಕಾಣದ ದಿನ ಪಂದ್ಯ ನೋಡದೆ ಮುಖ ಸಪ್ಪೆ ಮಾಡಿಕೊಳ್ಳುವುದು, ಸೋಲಿನ ಹೊಣೆಯನ್ನು ನಿಮ್ಮ ಮೇಲೋ ಗೆಳೆಯರ ಮೇಲೋ ಹೊರಿಸುವುದು ಶುರುವಾದರೆ ನಿಲ್ಲಿಸಿ. ಹಕ್ಕಿ ಕಂಡಿತೆಂಬ ಧೈರ್ಯದ ಮೇಲೆ ಯಾರೂ ಒಂದು ರೂಪಾಯಿಯನ್ನೂ ಪಣಕ್ಕಿಡಬಾರದು. ಹಕ್ಕಿಯನ್ನು ಬರಿಸಲು ಮೊಬೈಲ್‌ನಲ್ಲಿ ಅದರ ಕೂಗನ್ನು ಕೇಳಿಸುವುದೂ ಬೇಡ. ಪ್ರತಿಸ್ಪರ್ಧಿ ಬಂದನೆಂದು ಅದು ಬೇಟೆ ಬಿಟ್ಟು ಕಾದಾಟಕ್ಕೆ ಬರುತ್ತದೆ, ಮರಿಗಳಿಗೆ ಮೀನು ತರಬೇಕಾದ ಹೊತ್ತು ವ್ಯರ್ಥವಾಗುತ್ತದೆ.

ಮುಂದಿನ ಋತುವಿಗೆ ಒಂದು ಪುಸ್ತಕ ಇಡಿ. ಪ್ರತಿ ದಿನ, ಪಂದ್ಯ ಇರಲಿ ಇಲ್ಲದಿರಲಿ, ಅಷ್ಟೇ ಹೊತ್ತು ನಡೆದು ಮರಳಿ. ಬಂದ ವೇಳೆ, ಮರಳಿದ ವೇಳೆ, ನೀರು ತಿಳಿಯೋ ಕದಡಿತ್ತೋ, ಮಿಂಚುಳ್ಳಿ ಕಂಡಿತೋ ಇಲ್ಲವೋ, ಯಾವ ಕೊಂಬೆಯಲ್ಲಿ ಎಂಬುದನ್ನೆಲ್ಲ ಪಂದ್ಯ ಶುರುವಾಗುವ ಮೊದಲೇ ಬರೆದುಬಿಡಿ. ಫಲಿತಾಂಶವನ್ನು ಮರುದಿನ ಬೇರೆ ಪುಟದಲ್ಲಿ ಬರೆಯಿರಿ. ಋತು ಮುಗಿದ ಮೇಲೆ ಎರಡನ್ನೂ ಜೋಡಿಸಿ, ಮೇಲೆ ಹೇಳಿದ ನಾಲ್ಕು ಲೆಕ್ಕಗಳನ್ನು ಮಾಡಿ. ಶಕುನ ಉಳಿಯುತ್ತದೆಂಬ ನಂಬಿಕೆ ನನಗಿಲ್ಲ, ಆದರೆ ನಿಮ್ಮ ಕೆರೆಯ ಮಿಂಚುಳ್ಳಿಯ ದಿನಚರಿ ನಿಮ್ಮಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರುವುದಿಲ್ಲ.

ಗೂಬೆಯ ವಿಷಯ ಮಾತ್ರ ಋತು ಮುಗಿಯುವವರೆಗೆ ಕಾಯುವಂಥದ್ದಲ್ಲ. 2011ರಲ್ಲಿ ಕೊಲಂಬಿಯಾದ ಬರಾಂಕಿಲ್ಯಾ ಕ್ರೀಡಾಂಗಣದಲ್ಲಿ ಸ್ಥಳೀಯ ಅಭಿಮಾನಿಗಳು ಅದೃಷ್ಟದ ಹಕ್ಕಿ ಎಂದು ಪ್ರೀತಿಸುತ್ತಿದ್ದ ಗೂಬೆಯೊಂದಿತ್ತು. ಪಂದ್ಯದ ನಡುವೆ ಅದಕ್ಕೆ ಚೆಂಡು ತಗುಲಿ ನೆಲಕ್ಕೆ ಬಿದ್ದಾಗ ಎದುರಾಳಿ ತಂಡದ ಆಟಗಾರನೊಬ್ಬ ಕಾಲಿನಿಂದ ಒದ್ದು ಗೆರೆಯಾಚೆ ತಳ್ಳಿದ. ಕೆಲವು ದಿನಗಳಲ್ಲಿ ಅದು ಸತ್ತಿತು, ಆಟಗಾರನಿಗೆ ದಂಡ ಮತ್ತು ಎರಡು ಪಂದ್ಯಗಳ ನಿಷೇಧ ಬಂತು. ಮನುಷ್ಯರ ಗೆಲುವು ಸೋಲುಗಳ ನಡುವೆ ಸಿಲುಕಿದ ಪ್ರಾಣಿಗೆ ಆಗುವುದು ಇದೇ. ಗೂಬೆಯನ್ನು ಓಡಿಸೋಣ ಎನ್ನುತ್ತಿರುವ ಗೆಳೆಯರೊಂದಿಗೆ ಇಂದೇ ಮಾತನಾಡಿ. ಮರದ ಪೊಟರೆಯಲ್ಲಿ ಮೊಟ್ಟೆಯೋ ಮರಿಯೋ ಇರಬಹುದು. ಕಲ್ಲು, ಪಟಾಕಿ, ಟಾರ್ಚ್ ಬೆಳಕು ಯಾವುದೂ ಬೇಡ. ಅದು ಹೊರಟುಹೋದರೆ ನಿಮ್ಮ ತಂಡದ ಅಂಕಪಟ್ಟಿಯಲ್ಲಿ ಏನೂ ಬದಲಾಗುವುದಿಲ್ಲ, ಅದು ಹಿಡಿಯುತ್ತಿದ್ದ ಇಲಿಗಳು ಮಾತ್ರ ಉಳಿಯುತ್ತವೆ. ದೊಡ್ಡ ಪಂದ್ಯದ ಹಿಂದಿನ ರಾತ್ರಿ ಕೂಗು ತಡೆಯಲಾಗದಿದ್ದರೆ ಆ ಬದಿಯ ಕಿಟಕಿ ಮುಚ್ಚಿಕೊಂಡು ಮಲಗಲು ಹೇಳಿ.